ಮುಂದಿನ ಸಾಲಿಗೆ ಬನ್ನಿ, ಮೇಡಂ

ಪತ್ರ: ನಾನು ಮೈಸೂರಿನವಳು, ನಿವೃತ್ತ ಪ್ರೈಮರಿ ಶಾಲೆ ಟೀಚರ್. ಹೋದ ಶನಿವಾರ ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಜನಪದ ಗೀತೆಗಳ ವಿಚಾರ ಸಂಕಿರಣ ಇತ್ತು. ಬಾಗಿಲಲ್ಲೇ ‘ಯಾವ ಕಾಲೇಜು? ರಿಜಿಸ್ಟ್ರೇಷನ್ ಆಗಿದೆಯಾ?’ ಎಂದು ಕೇಳಿದರು. ಕೊನೆಯ ಸಾಲಿನಲ್ಲಿ ಕೂತೆ. ಒಬ್ಬರು ಬೀಸುವ ಪದಗಳ ಮೇಲೆ ಪ್ರಬಂಧ ಓದಿದರು. ನಮ್ಮಮ್ಮ ರಾಗಿ ಬೀಸುವಾಗ ಹೇಳುತ್ತಿದ್ದ ಎಷ್ಟೋ ಪದ ನನಗೆ ಈಗಲೂ ಬಾಯಿಗೆ ಬರುತ್ತವೆ. ಕೈ ಎತ್ತಿದೆ, ಸಮಯ ಇಲ್ಲ ಎಂದರು. ಸಂಜೆ ರಂಗಾಯಣದ ಭೂಮಿಗೀತ ರಂಗಮಂದಿರದಲ್ಲಿ ನಾಟಕ ನೋಡಿದೆ, ಮನಸ್ಸು ತುಂಬಿತು. ವಿದ್ವತ್ತು ವಿದ್ವಾಂಸರಿಗೇ ಇರಲಿ, ನಮ್ಮಂಥವರಿಗೆ ನಾಟಕ, ಸಂಗೀತ ಸಾಕು ಅಲ್ವಾ?

ಸಂಪಾದಕರ ಉತ್ತರ: ಸಾಲದು ಮೇಡಂ. ನಿಮ್ಮ ಪತ್ರದ ಕೊನೇ ಸಾಲು ಓದಿ ನನಗೆ ಬೇಜಾರಾಯಿತು. ನಲವತ್ತು ಮಕ್ಕಳ ಮುಂದೆ ನಿಂತು ಪಾಠ ಹೇಳಿದ ನೀವೇ ‘ನಮ್ಮಂಥವರು’ ಎಂದು ಹಿಂದೆ ಸರಿದರೆ ಹೇಗೆ?

ವಿದ್ವಾಂಸರಿಗೂ ಅವರದೇ ಒಂದು ಕೋಣೆ ಬೇಕು, ಒಪ್ಪುತ್ತೇನೆ. ಒಂದು ಪಾಠಾಂತರದ ಮೇಲೆ, ಅಂದರೆ ಹಳೆಯ ಪ್ರತಿಗಳಲ್ಲಿ ಒಂದು ಪದ ಬೇರೆ ಬೇರೆಯಾಗಿರುವುದರ ಮೇಲೆ, ಮೂರು ಗಂಟೆ ಜಗಳ ಆಡುವುದಿದ್ದರೆ ಬಾಗಿಲು ಹಾಕಿಕೊಂಡೇ ಆಡಲಿ. ಆದರೆ ಹೊರಗೆ ಬ್ಯಾನರ್ ಕಟ್ಟಿದ ಮೇಲೆ, ಪತ್ರಿಕೆಗೆ ಸುದ್ದಿ ಕೊಟ್ಟ ಮೇಲೆ, ಬಂದವರನ್ನು ‘ಯಾವ ಕಾಲೇಜು’ ಎಂದು ಕೇಳುವುದು ತಪ್ಪು. ಮನೆಗೆ ಊಟಕ್ಕೆ ಕರೆದು ಹೊಸ್ತಿಲಲ್ಲಿ ನಿಲ್ಲಿಸಿದ ಹಾಗೆ.

ಮೈಸೂರಿನಲ್ಲಿ ಹೀಗಾಯಿತು ಅನ್ನುವುದು ನನಗೆ ಇನ್ನೂ ಜಾಸ್ತಿ ನೋವು. 1916ರಲ್ಲಿ ಅಲ್ಲಿ ವಿಶ್ವವಿದ್ಯಾನಿಲಯ ಶುರುವಾಯಿತು. ಇಪ್ಪತ್ತು ವರ್ಷ ತುಂಬುವ ಮೊದಲೇ, 1930ರ ದಶಕದಲ್ಲಿ, ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಉಪನ್ಯಾಸ ಕೊಡತೊಡಗಿದರು. ಅದಕ್ಕೆ ಪ್ರಚಾರೋಪನ್ಯಾಸ ಎಂದು ಹೆಸರು. ವಿಜ್ಞಾನ, ಆರೋಗ್ಯ, ಚರಿತ್ರೆ ಎಲ್ಲದರ ಮೇಲೂ ಸಣ್ಣ ಸಣ್ಣ ಪುಸ್ತಕ ಬಂದವು. ಆ ಕೆಲಸವೇ ಬೆಳೆದು ಪ್ರಸಾರಾಂಗವಾಯಿತು. ಆ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಪ್ರಸಾರ ಅನ್ನುವುದು ವಿಶ್ವವಿದ್ಯಾನಿಲಯದ ಒಂದು ಅಂಗ. ಕೈ ಕಾಲಿನ ಹಾಗೆ. ಪುರುಸೊತ್ತಿದ್ದಾಗ ಮಾಡುವ ಉಪಕಾರ ಅಲ್ಲ.

ಇನ್ನು ಎಂ.ವಿ. ಗೋಪಾಲಸ್ವಾಮಿಯವರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಷ್ಟ್ರು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅದರ ಹೆಸರು ಆಕಾಶವಾಣಿ. ಆಮೇಲೆ ಇಡೀ ದೇಶದ ರೇಡಿಯೋಗೆ ಅದೇ ಹೆಸರು ಬಂತು. ಮನಶ್ಶಾಸ್ತ್ರದ ಮೇಷ್ಟ್ರಿಗೆ ರೇಡಿಯೋ ಯಾಕೆ ಬೇಕಿತ್ತು? ಕ್ಲಾಸಿನ ಗೋಡೆಯ ಆಚೆಗೂ ಕೇಳುವ ಕಿವಿ ಇದೆ ಎಂದು ಅವರು ನಂಬಿದ್ದರು ಅಂತಲೇ ನನ್ನ ಭಾವನೆ.

ನಾನು ಮೈಸೂರಿನಲ್ಲಿ ಓದುತ್ತಿದ್ದಾಗಿನ ಒಂದು ಸಂಜೆ ಹೇಳುತ್ತೇನೆ. ಒಂದು ಸಣ್ಣ ಹಾಲ್, ಮಡಚುವ ಕುರ್ಚಿಗಳು, ಕಟಕಟ ಅನ್ನುವ ಫ್ಯಾನು. ವೀರಗಲ್ಲುಗಳ ಮೇಲೆ ಉಪನ್ಯಾಸ. ಕೆಳಗಿನ ಅಂಕಣದಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು ಎಂದು ಮೇಷ್ಟ್ರು ಬೋರ್ಡಿನ ಮೇಲೆ ಗೀಟು ಹಾಕಿ ತೋರಿಸುತ್ತಿದ್ದರು. ಹಿಂದಿನಿಂದ ಒಬ್ಬರು ಎದ್ದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಬೀಜದಂಗಡಿಯ ಚೀಲ. ಪೇಟೆಗೆ ಬಂದವರು, ಬಸ್ಸಿಗೆ ಹೊತ್ತಿತ್ತು ಅಂತ ಒಳಗೆ ಬಂದು ಕೂತಿದ್ದರು.

‘ಸಾರ್, ನಮ್ಮೂರ ಕಟ್ಟೆ ಹತ್ರ ಬಟ್ಟೆ ಒಗೆಯೋ ಕಲ್ಲು ಐತೆ. ಬುಡಕ್ಕೆ ಕೈ ಹಾಕಿದ್ರೆ ಕೆತ್ತನೆ ಸಿಗ್ತದೆ. ಇದೇ ಇರ್ಬೋದಾ?’

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ವೇದಿಕೆ ಇಳಿದು ಅವರ ಹತ್ತಿರವೇ ಹೋದರು. ಯಾವ ಊರು, ಯಾವ ಬಸ್ಸು, ಯಾರನ್ನು ಕೇಳಬೇಕು, ಎಲ್ಲ ಬರೆದುಕೊಂಡರು. ಆಮೇಲಿನ ಭಾನುವಾರ ನಾವು ನಾಲ್ಕು ಜನ ಹುಡುಗರು ಅವರ ಜೊತೆ ಹೋದೆವು. ಹಾರೆ ಹಾಕಿ ಕಲ್ಲು ಮಗುಚಿದೆವು. ಒದ್ದೆ ಮಣ್ಣು ಒರೆಸಿದ ಹಾಗೆಲ್ಲ ಮೊದಲು ಕುದುರೆಯ ಕಾಲು ಕಂಡಿತು, ಆಮೇಲೆ ಕತ್ತಿ ಹಿಡಿದ ಕೈ. ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ಕೊಡ ಪಕ್ಕಕ್ಕಿಟ್ಟು ನಮಗಿಂತ ಮೊದಲು ಬಗ್ಗಿ ನೋಡಿದರು. ಬಾಗಿಲಲ್ಲಿ ಯಾರಾದರೂ ಆ ರೈತರನ್ನು ‘ಯಾವ ಕಾಲೇಜು’ ಎಂದು ಕೇಳಿದ್ದರೆ ಆ ಕಲ್ಲು ಇವತ್ತಿಗೂ ಬೋರಲಾಗಿಯೇ ಬಿದ್ದಿರುತ್ತಿತ್ತು.

ಈಗ ನಿಮ್ಮ ವಿಷಯ ನೋಡಿ. ವೇದಿಕೆಯ ಮೇಲೆ ಬೀಸುವ ಪದದ ಬಗ್ಗೆ ಪ್ರಬಂಧ. ಬೀಸುವ ಪದ ಬಲ್ಲವರು ಕೊನೆಯ ಸಾಲಿನಲ್ಲಿ. ಇದಕ್ಕಿಂತ ದೊಡ್ಡ ನಷ್ಟ ಆ ಸಂಕಿರಣಕ್ಕೆ ಇನ್ನೇನಿದೆ? ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯ ಇದೆಯಲ್ಲ, 1968ರಲ್ಲಿ ಆದದ್ದು, ಅದು ಕೂತಲ್ಲೇ ಆಗಲಿಲ್ಲ. ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅವರಂಥವರು ಹಳ್ಳಿ ಹಳ್ಳಿ ಸುತ್ತಿದರು. ಜನರ ಮನೆಯೊಳಗೆ ಹೋಗಿ, ಕೂತು ಮಾತಾಡಿ, ಕೇಳಿ ತಂದರು. ಅವರು ಹುಡುಕಿಕೊಂಡು ಹೋಗುತ್ತಿದ್ದದ್ದು ನಿಮ್ಮ ತಾಯಿಯಂಥವರನ್ನೇ. ಈಗ ಮಗಳು ತಾನೇ ನಡೆದು ಬಂದರೆ ಸಮಯ ಇಲ್ಲ!

ಸಮಯ ಎಲ್ಲಿ ಹೋಗುತ್ತದೆ ಎಂದು ನಿಮಗೂ ಗೊತ್ತು. ಹತ್ತಕ್ಕೆ ಎಂದದ್ದು ಹನ್ನೊಂದಕ್ಕೆ ಶುರು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ. ಉದ್ಘಾಟಕರು ಮಾತಾಡಿ ಹೊರಟುಬಿಡುತ್ತಾರೆ, ಅವರ ಜೊತೆ ಅರ್ಧ ಸಭೆಯೂ ಹೊರಡುತ್ತದೆ. ಪ್ರಬಂಧಕ್ಕೆ ತಲಾ ಹತ್ತು ನಿಮಿಷ. ಪಾಪ, ಓದುವವರದ್ದೂ ಪೂರ್ತಿ ತಪ್ಪಲ್ಲ. ಬಡ್ತಿಗೆ ಅಂಕ ಬೇಕು, ಅಂಕಕ್ಕೆ ಸರ್ಟಿಫಿಕೇಟ್ ಬೇಕು. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಕೇಳುವವರು ಯಾಕೆ ಬೇಕು? ಕತ್ತರಿ ಬೀಳುವುದು ಮಾತ್ರ ಪ್ರಶ್ನೆಯ ಸಮಯಕ್ಕೆ. ಉಪನ್ಯಾಸಕ್ಕೆ ಜೀವ ಬರುವುದೇ ಅಲ್ಲಿ.

ಬೇರೆ ಥರ ಮಾಡಬಹುದು. ಮಾಡಿದವರೂ ಇದ್ದಾರೆ. ಬೆಂಗಳೂರಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು ಎಚ್. ನರಸಿಂಹಯ್ಯನವರು 1962ರಲ್ಲಿ ಸೈನ್ಸ್ ಫೋರಂ ಕಟ್ಟಿದರು. ಬುಧವಾರ ಬಂತು ಅಂದರೆ ನ್ಯಾಷನಲ್ ಕಾಲೇಜಿನಲ್ಲಿ ಉಪನ್ಯಾಸ, ಯಾರು ಬೇಕಾದರೂ ಬರಬಹುದು. ನಿಮ್ಮ ಊರಿನಲ್ಲೇ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವದ ಸಂಗೀತ ಕಛೇರಿಗಳಿಲ್ಲವೆ? ದೊಡ್ಡ ದೊಡ್ಡ ವಿದ್ವಾಂಸರು ಬೀದಿಯ ಪೆಂಡಾಲಿನಲ್ಲಿ ಕೂತು ಹಾಡುತ್ತಾರೆ. ರಸ್ತೆಯಲ್ಲಿ ನಿಂತು ಕೇಳುವವರಿಗೆ ರಾಗಲಕ್ಷಣ ಗೊತ್ತಾ ಎಂದು ಯಾರೂ ಪರೀಕ್ಷೆ ಮಾಡುವುದಿಲ್ಲ. ರಂಗಾಯಣದ ಬಹುರೂಪಿ ನಾಟಕೋತ್ಸವದಲ್ಲೂ ನಾಟಕದ ಜೊತೆ ವಿಚಾರ ಸಂಕಿರಣ ಇರುತ್ತದೆ. ಒಂದೇ ಆವರಣದಲ್ಲಿ ಬೆಳಿಗ್ಗೆ ಮಾತು, ಸಂಜೆ ಆಟ, ನಡುವೆ ಪುಸ್ತಕದಂಗಡಿ, ತಿಂಡಿ. ಬೆಳಿಗ್ಗೆ ಕೇಳಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಜೆ ನಾಟಕ ನೋಡಿದರೆ ಅದರ ರುಚಿಯೇ ಬೇರೆ. ನೀವು ಶನಿವಾರ ಮಾಡಲು ಹೊರಟಿದ್ದೂ ಅದನ್ನೇ. ಅದಕ್ಕೇ ಹೇಳುತ್ತೇನೆ, ಅರ್ಧ ದಿನ ಬಿಟ್ಟುಕೊಡಬೇಡಿ.

ಇನ್ನೊಂದು ಸಲ ಹೋಗಿ. ಯಾವ ಕಾಲೇಜು ಎಂದು ಕೇಳಿದರೆ ನೀವು ಪಾಠ ಮಾಡಿದ ಶಾಲೆಯ ಹೆಸರು ಹೇಳಿ. ಎರಡನೇ ಸಾಲಿನಲ್ಲಿ ಕೂತುಕೊಳ್ಳಿ. ಅಮ್ಮನ ಪದಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಯಾವ ಊರು, ಯಾವ ಧಾಟಿ, ರಾಗಿ ಬೀಸುವಾಗಲೋ ಭತ್ತ ಕುಟ್ಟುವಾಗಲೋ, ಎಲ್ಲ ಇರಲಿ. ಮೊದಲ ಪ್ರತಿ ನಮಗೆ ಕಳಿಸಿ. ಮುಂದಿನ ತಿಂಗಳು ಎರಡು ಪುಟ ಖಾಲಿ ಇಟ್ಟಿರುತ್ತೇನೆ.