ಶಾಲೆಯ ಕೃಷಿಯಂತ್ರ ತರಗತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಒಂಬತ್ತನೆಯವರಿಗೆ ಕೃಷಿಯಂತ್ರಗಳ ಪ್ರಾಯೋಗಿಕ ತರಗತಿ ಶುರು ಮಾಡಿದ್ದೇವೆ. ದಾನಿಗಳು ಕೊಟ್ಟ ಹುಲ್ಲು ಕತ್ತರಿಸುವ ಯಂತ್ರವನ್ನು ಬೇಸಗೆ ರಜೆ ಮುಗಿದ ಮೇಲೆ ಹೊರತೆಗೆದರೆ ಸ್ಟಾರ್ಟೇ ಆಗುತ್ತಿಲ್ಲ. ಮೆಕ್ಯಾನಿಕ್‌ಗೆ ಕೊಡುವುದೋ, ಮಕ್ಕಳಿಂದ ಬಿಚ್ಚಿಸುವುದೋ?
– ವಿಜ್ಞಾನ ಶಿಕ್ಷಕಿ, ಕಾರ್ಕಳ

ಉತ್ತರ: ಮಕ್ಕಳಿಂದಲೇ ಬಿಚ್ಚಿಸಿ ಟೀಚರ್. ಇಡೀ ವರ್ಷದಲ್ಲಿ ಇಷ್ಟು ಒಳ್ಳೆಯ ಪಾಠ ಇನ್ನೊಂದು ಸಿಗಲಿಕ್ಕಿಲ್ಲ. ಮೊದಲು ಬ್ಲೇಡ್ ತೆಗೆದು ಬೇರೆ ಕಡೆ ಇಡಿ. ನಂತರ ಎಂಜಿನ್ ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ ಎಂದು ಮ್ಯಾನುಯಲ್‌ನಲ್ಲಿ ನೋಡಿಸಿ. ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜತೆಯಲ್ಲೇ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಮ್ಯಾನುಯಲ್ 50ಕ್ಕೆ 1 ಎಂದರೆ ಲೀಟರಿಗೆ 20 ಮಿ.ಲೀ. ಟೂ ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ). 25ಕ್ಕೆ 1 ಎಂದರೆ 40 ಮಿ.ಲೀ. ಕಣ್ಣಂದಾಜು ಬೇಡ, ಅಳತೆ ಜಾಡಿಯಲ್ಲಿ ಮಕ್ಕಳೇ ಅಳೆಯಲಿ. ಟ್ಯಾಂಕಿನೊಳಗೆ ಬೆರೆಸದೆ, ಕ್ಯಾನಿನಲ್ಲಿ ಕುಲುಕಿ ನಂತರ ಹಾಕಿ.

ಹಳೆಯ ಪೆಟ್ರೋಲನ್ನು ಪೂರ್ತಿ ತೆಗೆದು ಹೊಸತು ಹಾಕಿ, ಟೂ ಸ್ಟ್ರೋಕ್ ಆದರೆ ಎಣ್ಣೆ ಬೆರೆಸಿದ್ದು. ಏಳೆಂಟು ಸಲ ಹಗ್ಗ ಎಳೆದು ಸ್ಪಾರ್ಕ್ ಪ್ಲಗ್ ಬಿಚ್ಚಿ, ತುದಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಕಿಡಿ ಇಲ್ಲ. ಇಲ್ಲವೇ ಚೋಕ್ ಹೆಚ್ಚಾಗಿ ಒಳಗೆ ತುಂಬಿಕೊಂಡಿದೆ. ಇಷ್ಟು ಗೊತ್ತಾದರೆ ಅರ್ಧ ಹುಡುಕಾಟ ಮುಗಿಯಿತು. ಪ್ಲಗ್ಗಿನ ಕರಿ ಉಜ್ಜಿಸಿ, ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿಗಳು) ತುದಿಯ ಅಂತರ 0.6ರಿಂದ 0.7 ಮಿ.ಮೀ.ಗೆ ತರಿಸಿ.

ತಿಂಗಳುಗಟ್ಟಲೆ ಇಟ್ಟ ಯಂತ್ರದಲ್ಲಿ ಪ್ಲಗ್ ಒಣಗಿರುವುದೇ ಹೆಚ್ಚು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನಮ್ಮ ಕರಾವಳಿಯ ಗಾಳಿಯಿಂದ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕಿನೊಳಗಿನ ಫಿಲ್ಟರ್ ನೋಡಿ, ಪೆಟ್ರೋಲ್ ಪೈಪ್ ಗಟ್ಟಿಯಾಗಿ ಬಿರಿದಿದ್ದರೆ ಬದಲಿಸಿ. ಆಮೇಲೆ ಕಾರ್ಬೊರೇಟರ್ ತೆರೆಯಿರಿ. ಒಳಗಿನ ತೆಳ್ಳನೆಯ ಪೊರೆ, ಅಂದರೆ ಡಯಾಫ್ರಂ, ಮೆತ್ತಗಿರಬೇಕು. ಬೆರಳಿನಲ್ಲಿ ಒತ್ತಿದಾಗ ಒಣ ಎಲೆಯ ಹಾಗೆ ಚರಚರ ಎಂದರೆ ಡಯಾಫ್ರಂ, ಗ್ಯಾಸ್ಕೆಟ್‌ಗಳ (ಭಾಗಗಳ ನಡುವೆ ಸೋರದಂತೆ ಇಡುವ ಹಾಳೆ) ಕಿಟ್ ಬದಲಿಸಲೇಬೇಕು. ಯಾವ ಗ್ಯಾಸ್ಕೆಟ್ ಮೇಲೆ, ಯಾವುದು ಕೆಳಗೆ ಎಂದು ತೆಗೆಯುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಸಿ. ಜೋಡಿಸುವಾಗ ತಪ್ಪುವುದು ಇಲ್ಲೇ. ಜೆಟ್ಟಿನ (ಪೆಟ್ರೋಲ್ ಹಾಯುವ ಸಣ್ಣ ನಳಿಕೆ) ತೂತಿಗೆ ತಂತಿ ತೂರಿಸಬೇಡಿ, ಕ್ಲೀನರ್ ಸ್ಪ್ರೇ ಸಾಕು. ಕೆಲಸವೆಲ್ಲ ಹೊರಗೆ ಗಾಳಿಯಲ್ಲಿ, ಒಲೆ ದೀಪಗಳಿಂದ ದೂರ ನಡೆಯಲಿ.

ಬ್ಲೇಡ್ ಹಾಕಿ ಓಡಿಸುವುದು ದೊಡ್ಡವರ ಕೆಲಸ. ಕಲ್ಲು ಸಿಡಿಯುವುದರಿಂದ ಮಕ್ಕಳು 15 ಮೀಟರ್ ಆಚೆ ನಿಲ್ಲಲಿ. ಮುಂದಿನ ರಜೆಗೆ ಮುಂಚೆ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ.

ಪ್ರಶ್ನೆ: ಗೊಬ್ಬರ ಸಾಗಿಸುವ ಕೈಗಾಡಿಗೆ ಇಂಚು ಆ್ಯಂಗಲ್‌ನಲ್ಲಿ (L ಆಕಾರದ ಕಬ್ಬಿಣದ ಪಟ್ಟಿ) 90×60 ಸೆಂ.ಮೀ. ಚೌಕಟ್ಟು ವೆಲ್ಡ್ ಮಾಡಿದೆವು. ನೆಲಕ್ಕಿಟ್ಟರೆ ಒಂದು ಮೂಲೆ ಎದ್ದು ನಿಲ್ಲುತ್ತದೆ, ಬೆಸುಗೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ. ಏಕೆ?
– ಹತ್ತನೆಯ ತರಗತಿ ವಿದ್ಯಾರ್ಥಿಗಳು, ಬೈಂದೂರು

ಉತ್ತರ: ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಿದ್ದೀರಿ ಅಂತ ಕಾಣುತ್ತದೆ. ಬೆಸುಗೆ ತಣಿಯುವಾಗ ಕುಗ್ಗಿ ಕಬ್ಬಿಣವನ್ನು ತನ್ನ ಕಡೆಗೆ ಎಳೆಯುತ್ತದೆ. ಮೊದಲು ನಾಲ್ಕೂ ಮೂಲೆಗೆ ಟ್ಯಾಕ್ (ಚುಕ್ಕಿಯಷ್ಟು ಬೆಸುಗೆ) ಮಾತ್ರ ಹಾಕಿ, ಕರ್ಣಗಳನ್ನು ಅಳೆಯಿರಿ. ಪೈಥಾಗೊರಸ್ ಪ್ರಮೇಯದ ಪ್ರಕಾರ ಎರಡೂ ಸುಮಾರು 108.2 ಸೆಂ.ಮೀ. ಬರಬೇಕು. ಹೆಚ್ಚು ಬಂದ ಕರ್ಣದ ಮೂಲೆಗೆ ಮೆಲ್ಲಗೆ ಬಡಿದು ಸರಿಮಾಡಿ, ಆಮೇಲೆ ಎದುರುಬದುರು ಮೂಲೆಗಳನ್ನು ಸರದಿಯಲ್ಲಿ ಮುಗಿಸಿ. ತೂತಿಗೆ ಕಾರಣ ತೇವ ಹಿಡಿದ ವೆಲ್ಡಿಂಗ್ ರಾಡ್, ಇಲ್ಲವೇ ಆ್ಯಂಗಲ್ ಮೇಲಿನ ತುಕ್ಕು, ಬಣ್ಣ. ಮಳೆಗಾಲದಲ್ಲಿ ಬಿಚ್ಚಿದ ಪೊಟ್ಟಣ ಹಾಗೇ ಉಳಿದರೆ ರಾಡ್ ಬೇಗ ತೇವ ಹಿಡಿಯುತ್ತದೆ. ಮುಚ್ಚಳ ಬಿಗಿಯುವ ಡಬ್ಬಿಯಲ್ಲಿಡಿ. 3 ಮಿ.ಮೀ. ದಪ್ಪದ ಆ್ಯಂಗಲ್‌ಗೆ 2.5 ಮಿ.ಮೀ. ರಾಡ್, 60ರಿಂದ 90 ಆ್ಯಂಪಿಯರ್ ಸಾಕು. ತೂತು ಬಿದ್ದದ್ದನ್ನು ಗ್ರೈಂಡ್ ಮಾಡಿ ತೆಗೆದು ಹೊಸದಾಗಿ ಹಾಕಿ. ಮೇಲಿನಿಂದ ಮುಚ್ಚಿದರೆ ಅಲ್ಲೇ ಬಿರಿಯುತ್ತದೆ.

ಶಿಕ್ಷಕರು ಪಕ್ಕದಲ್ಲಿಲ್ಲದೆ ವೆಲ್ಡಿಂಗ್ ಬೇಡ. ಪಾಲಿಯೆಸ್ಟರ್ ಸಮವಸ್ತ್ರ ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ, ಹತ್ತಿ ಬಟ್ಟೆಯೇ ಆಗಬೇಕು. ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಬೆಸೆಯಬೇಡಿ, ಸತುವಿನ ಹೊಗೆಯಿಂದ ಜ್ವರ ಬರುತ್ತದೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಯಂತ್ರವೂ ಇಲ್ಲ, ಹಣವೂ ಕಡಿಮೆ. ಏನಿದ್ದರೆ ಶುರು ಮಾಡಬಹುದು?
– ಎಸ್‌ಡಿಎಂಸಿ ಸದಸ್ಯ, ಬ್ರಹ್ಮಾವರ

ಉತ್ತರ: ಗುಜರಿ ಅಂಗಡಿಯಿಂದ ಕೆಟ್ಟ ಸ್ಪ್ರೇಯರ್ ಎಂಜಿನ್ ಒಂದು, 8ರಿಂದ 19 ಮಿ.ಮೀ. ಸ್ಪ್ಯಾನರ್ ಸೆಟ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಕ್ಯಾಲಿಪರ್ ಇಲ್ಲದಿದ್ದರೆ ಹತ್ತಿರದ ಕಾಲೇಜಿನ ಲ್ಯಾಬ್‌ನಿಂದ ಎರವಲು ತನ್ನಿ. ನಿಮ್ಮೂರಲ್ಲೇ ಕೃಷಿ ವಿಜ್ಞಾನ ಕೇಂದ್ರವಿದೆ. ಮೊದಲು ಅಲ್ಲಿಗೊಮ್ಮೆ ಹೋಗಿ ಮಾತಾಡಿ.