ಮೀನಿಗೆ ಏನು ಕಷ್ಟ, ಟೀಚರ್?

ಪ್ರಶ್ನೆ: ಮಗಳು ಎರಡನೆಯ ತರಗತಿ. ಶಾಲೆಯಲ್ಲಿ ಕಥೆ ಓದಿಸಿ ‘ಇದರಲ್ಲಿರುವ ಸಮಸ್ಯೆ ಯಾವುದು?’ ಎಂದು ಬರೆಯಿಸುತ್ತಾರೆ. ಬಾಯಾರಿದ ಕಾಗೆಯ ಕಥೆಗೆ ಅವಳು ‘ಕಲ್ಲು’ ಎಂದು ಬರೆದಳು. ಬಿಡಿಸಿ ಕೇಳಿದರೆ ಮೊದಲಿನಿಂದ ಇಡೀ ಕಥೆ ಒಪ್ಪಿಸುತ್ತಾಳೆ. ಅವಳಿಗೆ ಕಥೆ ಅರ್ಥವಾಗುತ್ತಿಲ್ಲವೇ, ಟೀಚರ್?
– ಒಬ್ಬ ತಾಯಿ, ಸುರತ್ಕಲ್

ಉತ್ತರ: ಇಡೀ ಕಥೆ ಒಪ್ಪಿಸುವವಳಿಗೆ ಕಥೆ ಚೆನ್ನಾಗಿಯೇ ಅರ್ಥವಾಗಿದೆ. ಅರ್ಥವಾಗದಿರುವುದು ಪ್ರಶ್ನೆ. ಏಳು ವರ್ಷದ ಮಗುವಿಗೆ ‘ಸಮಸ್ಯೆ’ ಎಂದರೆ ಲೆಕ್ಕದ ಪುಸ್ತಕದಲ್ಲಿ ಬಿಡಿಸಬೇಕಾದದ್ದು. ಮನೆಯಲ್ಲಿ ತುಳು ಆಡುವವರಾದರಂತೂ ಆ ಶಬ್ದ ಊಟದ ಹೊತ್ತಿಗೆ ಯಾರ ಬಾಯಿಯಲ್ಲೂ ಬರುವುದಿಲ್ಲ. ಮಲ್ಪೆಯ ಕಡೆ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ನಾನೂ ಬಹಳ ವರ್ಷ ಅದೇ ಶಬ್ದವನ್ನು ಹಿಡಿದು ಜಗ್ಗಿದವಳೇ.

ಬಿಡಿಸಿದವನು ಒಬ್ಬ ಹುಡುಗ. ಮಳೆಗಾಲದಲ್ಲಿ ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಮಕ್ಕಳಿಗೆ ಗೊತ್ತಿರುವುದೇ ಇರಲಿ ಎಂದು ಒಂದು ಕಥೆ ಕಟ್ಟಿದೆ. ಬೋಟು ದಕ್ಕೆಯಲ್ಲಿದೆ, ಅಪ್ಪ ಬಲೆ ಹೆಣೆಯುತ್ತ ಮನೆಯಲ್ಲಿ ಕೂತಿದ್ದಾರೆ, ಕಡಲಿನಲ್ಲಿ ಬಂಗುಡೆಯ ಹಿಂಡು ಓಡಾಡುತ್ತಿದೆ. ‘ಸಮಸ್ಯೆ ಏನು?’ ಎಂದೆ. ‘ದುಡ್ಡಿಲ್ಲ’ ಎಂದಿತು ಒಂದು ಸ್ವರ. ಹಿಂದಿನ ಸಾಲಿನಿಂದ ಇವನು, ಚಡ್ಡಿಯ ಕಿಸೆಯಲ್ಲಿ ಕೈ ಹಾಕಿಕೊಂಡೇ, ‘ಮೀನಿಗೆ ಏನು ಕಷ್ಟ, ಟೀಚರ್? ಅದಕ್ಕೆ ಖುಷಿ’ ಎಂದ. ಎಲ್ಲರೂ ನಕ್ಕರು. ನಾನು ಹಲಗೆ ಒರೆಸಿದೆ. ಯಾರ ಕಷ್ಟ ಎಂದು ಹೇಳದೆ ಏನು ಕಷ್ಟ ಎಂದು ಕೇಳಿದ್ದು ನನ್ನದೇ ತಪ್ಪು.

ಆಮೇಲೆ ಎರಡೇ ಪ್ರಶ್ನೆ ಇಟ್ಟುಕೊಂಡೆ: ಯಾರಿಗೆ ಏನು ಬೇಕಿತ್ತು? ಯಾಕೆ ಸಿಗಲಿಲ್ಲ? ಕಾಗೆಗೆ ನೀರು ಬೇಕಿತ್ತು; ಕೊಕ್ಕು ಎಟುಕಲಿಲ್ಲ. ನಿಮ್ಮ ಮಗಳು ಬರೆದ ಕಲ್ಲು ಕಾಗೆ ಕಂಡುಕೊಂಡ ದಾರಿ. ಮಕ್ಕಳು ಹೀಗೆ ದಾರಿಯನ್ನೇ ಕಷ್ಟವೆಂದು ಬರೆಯುವುದು ಬಹಳ. ಬುಳುಕ್ ಎಂದು ಬೀಳುವ ಕಲ್ಲಿನ ಮುಂದೆ ಬಾಯಾರಿಕೆ ಯಾರಿಗೆ ನೆನಪಿರುತ್ತದೆ?

ಇನ್ನು, ಒಮ್ಮೆ ಕಥೆಯನ್ನು ಕೆಡಿಸಿ ಹೇಳಿ. ‘ಹೂಜಿಯ ತುಂಬ ನೀರಿತ್ತು. ಕಾಗೆ ಬಂತು, ಕುಡಿಯಿತು, ಹಾರಿಹೋಯಿತು.’ ಇದೆಂಥ ಕಥೆ ಎಂದು ಅವಳು ಜಗಳಕ್ಕೇ ಬರುತ್ತಾಳೆ. ಏನು ಬಿಟ್ಟುಹೋಯಿತು ಎಂದು ಅವಳೇ ಹುಡುಕಲಿ. ನೀವು ಬಾಯಿ ಹಾಕಬೇಡಿ. ಕಿರಿದಾದ ಬಾಯಿಯ ಬಾಟಲಿಯಲ್ಲಿ ನೀರಿಟ್ಟು, ಬೆರಳಿನಿಂದ ಮುಟ್ಟು ನೋಡೋಣ ಎಂದರೂ ಆಯಿತು. ಬೆರಳು ಎಟುಕದೆ ಅವಳು ‘ಆಗುವುದಿಲ್ಲ ಅಮ್ಮ’ ಎನ್ನುತ್ತಾಳಲ್ಲ, ಅದೇ ನಿಮಗೆ ಬೇಕಾದ ಉತ್ತರ. ಕಲ್ಲು ಹಾಕಿಸುವುದಾದರೆ ನೀರು ಅರ್ಧಕ್ಕಿಂತ ಮೇಲಿರಲಿ. ತೀರಾ ತಳದಲ್ಲಿದ್ದರೆ ಕಲ್ಲಿನ ಸಂದಿಗಳಲ್ಲೇ ಅಡಗಿ ಮೇಲೆ ಬರುವುದಿಲ್ಲ. ತರಗತಿಯಲ್ಲಿ ಹಾಗಾಗಿ ನಾನು ಪೇಚಿಗೆ ಸಿಕ್ಕಿದ್ದೇನೆ.

ಶಾಲೆಯವರು ಹಾಳೆಯಲ್ಲಿ ಒಂದೇ ಗೆರೆ ಬಿಟ್ಟಿರುತ್ತಾರೆ. ‘ಕಾಗೆಗೆ ನೀರು ಎಟುಕಲಿಲ್ಲ’ ಎಂದರೆ ಅಲ್ಲಿಗೆ ಸಾಕು. ಮನೆಯಲ್ಲಿ ಮಾತ್ರ ಇನ್ನೊಂದು ಕೇಳಿ: ಆ ಹೂಜಿ ಯಾರದ್ದು? ಸಂಜೆ ಅವರು ನೀರಿಗೆಂದು ಬಂದಾಗ ಅವರಿಗೆ ಏನು ಕಷ್ಟವಾಗಿರಬಹುದು?