ಸಿಲ್ಕ್ ರೋಡ್ ಮೌಂಟನ್ ರೇಸ್‌ಗೆ ನನಗಿಂತ ವೇಗದ ಗೆಳೆಯನ ಜೊತೆ ಜೋಡಿಯಾಗಿ ಹೋಗಬಹುದೇ?

ಕಿರ್ಗಿಸ್ತಾನದ ಬೆಟ್ಟಗಳಲ್ಲಿ ನಡೆಯುವ ಈ ಸೈಕಲ್ ರೇಸ್‌ಗೆ ಟೆಂಟು, ಪಂಪು, ಒಲೆ ಎಲ್ಲ ಒಂದೊಂದೇ ಒಯ್ದರೆ ತೂಕ ಅರ್ಧಕ್ಕರ್ಧ ಇಳಿಯುತ್ತೆ, ಇಬ್ಬರಿದ್ದರೆ ಸುರಕ್ಷಿತ ಕೂಡ, ಆದರೆ ಗೆಳೆಯ ಏರಿನಲ್ಲಿ ನನಗಿಂತ ಬಹಳ ಮುಂದೆ, ಅದೊಂದೇ ಚಿಂತೆ ಅಂತ ಬರೆದಿದ್ದೀರಿ. ನೋಡಿ, ಚಿಂತೆ ಮಾಡಬೇಕಾದ್ದು ನಿಮ್ಮ ಮೊದಲ ಎರಡು ಮಾತಿನ ಬಗ್ಗೆ. ಮೂರನೆಯದು ಹೇಗೋ ನಡೆಯುತ್ತೆ.

ನಾನು ಹೋದದ್ದು ಭಾವನ ಜೊತೆ, ಅಕ್ಕನ ಗಂಡ. ವಯಸ್ಸಲ್ಲಿ ನನಗಿಂತ ದೊಡ್ಡವರು, ಕಾಲಲ್ಲಿ ನನಗಿಂತ ಗಟ್ಟಿ. ನಂದಿ ಬೆಟ್ಟಕ್ಕೆ ಹೊರಟರೆ ನಾನು ಕಡೇ ತಿರುವು ಮುಟ್ಟುವಷ್ಟರಲ್ಲಿ ಅವರು ಮೇಲೆ ಕಾಫಿ ಕುಡಿದು ಲೋಟ ಇಟ್ಟಿರುತ್ತಿದ್ದರು. ವಾರದ ಕೊನೆಗೆ ತುರಹಳ್ಳಿ ಕಾಡು, ಪುರುಸೊತ್ತು ಸಿಕ್ಕಾಗ ಚಿಕ್ಕಮಗಳೂರು. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕಿರ್ಗಿಸ್ತಾನದಲ್ಲಿ ಇಸಿಕ್-ಕುಲ್ ಸರೋವರದ ದಡವೇ 1,600 ಮೀಟರ್ ಮೇಲಿದೆ, ಅಲ್ಲಿಂದ ಏರು ಶುರು. ಪಾಸ್‌ಗಳು, ಅಂದರೆ ಬೆಟ್ಟಸಾಲು ದಾಟುವ ಎತ್ತರದ ದಾರಿಗಳು, 3,500, 3,800, ಒಂದೆರಡು 4,000 ಮೀಟರ್ ಕೂಡ ದಾಟುತ್ತವೆ. ಇಲ್ಲಿ ಎಷ್ಟು ತುಳಿದರೂ ಅಲ್ಲಿನ ತೆಳು ಗಾಳಿಗೆ ತಯಾರಿ ಆಗಲ್ಲ. ಊರಲ್ಲಿ ವೇಗ ಇದ್ದವನು ಅಲ್ಲಿ ತಲೆನೋವು, ವಾಂತಿ ಅಂತ ಕೂತುಬಿಡಬಹುದು, ಹಿಂದೆ ಉಳಿಯುವವನು ತೆಪ್ಪಗೆ ತಳ್ಳಿಕೊಂಡು ದಾಟಿಬಿಡಬಹುದು. ಅದಕ್ಕೇ ಗೆಳೆಯನ ವೇಗದ ಲೆಕ್ಕ ಈಗಲೇ ಹಾಕಬೇಡಿ.

ಓದುವ ಬೇರೆಯವರಿಗೆ ಎರಡು ಮಾತು: ಈ ರೇಸ್ ಶುರು ಮಾಡಿದ್ದು ನೆಲ್ಸನ್ ಟ್ರೀಸ್, ಮೊದಲ ಸಲ ನಡೆದದ್ದು 2018ರಲ್ಲಿ. ದಾರಿ ವರ್ಷ ವರ್ಷ ಬದಲಾಗುತ್ತೆ, 1,700 ಕಿಲೋಮೀಟರ್ ಮೇಲೇ ಇರುತ್ತೆ, ಡಾಂಬರು ಕಾಣೋದು ಅಪರೂಪ. ಮಧ್ಯೆ ಚೆಕ್‌ಪಾಯಿಂಟ್‌ಗಳಿರುತ್ತವೆ, ಅಲ್ಲಿ ಕಾರ್ಡಿಗೆ ಮುದ್ರೆ ಒತ್ತಿಸಬೇಕು, ಗಡುವಿನೊಳಗೆ. ಹಿಂದೆ ಗಾಡಿ ಬರಲ್ಲ. ಊಟ, ರಿಪೇರಿ, ನಿದ್ದೆ ಎಲ್ಲ ನಿಮ್ಮದೇ. ಜೋಡಿಯಾಗಿ ಹೋದವರು ತಮ್ಮೊಳಗೆ ಸಾಮಾನು ಹಂಚಿಕೊಳ್ಳಬಹುದು, ಹೊರಗಿನವರ ಸಹಾಯಕ್ಕೆ ಕೈ ಚಾಚುವ ಹಾಗಿಲ್ಲ. ಈ "ಹಂಚಿಕೊಳ್ಳಬಹುದು" ಅನ್ನೋದನ್ನೇ ನಾವು ದೊಡ್ಡ ವರ ಅಂದುಕೊಂಡೆವು.

ಹೊರಡುವ ಮುಂಚೆ ಅಕ್ಕನ ಮನೆಯ ಹಾಲಿನಲ್ಲಿ ಎಲ್ಲ ಹರಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದಿಟ್ಟು, ಒಂದೊಂದನ್ನೇ ತೂಗಿದೆವು. ಭಾವ ಬಲಶಾಲಿ, ಆದ್ದರಿಂದ ಭಾರದ್ದೆಲ್ಲ ಅವರಿಗೆ: ಟೆಂಟಿನ ಬಟ್ಟೆ, ಪಂಪು, ಟೂಲ್, ಒಲೆ, ಪಾತ್ರೆ. ನನಗೆ ಟೆಂಟಿನ ಕಂಬಗಳು, ಗೂಟಗಳು, ಗ್ಯಾಸ್, ಔಷಧಿ ಡಬ್ಬಿ, ನೀರಿನ ಫಿಲ್ಟರ್. ಟ್ಯೂಬ್ ಮಾತ್ರ ಇಬ್ಬರಿಗೂ. ಅಕ್ಕ ಬಾಗಿಲಲ್ಲಿ ನಿಂತು "ಇದೇನ್ರೀ, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡ್ಕೊಳ್ಳೋ ಹಾಗೆ ಟೆಂಟನ್ನೂ ಸೀಳ್ತಿದೀರಾ?" ಅಂದಳು. ನಕ್ಕೆವು. ತಕ್ಕಡಿ ತೋರಿಸಿದ ಗ್ರಾಂಗಳು ನಮ್ಮನ್ನು ಹಾಗೆ ಮರುಳು ಮಾಡಿದ್ದವು.

ಮೊದಲ ಪಾಸ್‌ಗಳಲ್ಲಿ ಏನೂ ತೊಂದರೆ ಆಗಲಿಲ್ಲ. ಭಾವ ಮುಂದೆ ಹೋಗೋದು, ಮೇಲೆ ಕಾಯೋದು, ನಾನು ಹೋಗಿ ಸೇರೋದು. "ಸರಿ ಇದೀಯೇನೋ?" ಅಂತ ಕೇಳ್ತಿದ್ದರು. "ಸರಿ ಇದೀನಿ ಭಾವ" ಅಂತಿದ್ದೆ. ಸರಿ ಇರಲಿಲ್ಲ, ಆದರೆ ಭಾವನಿಗೆ "ನಿಲ್ಲಿ, ಆಗ್ತಿಲ್ಲ" ಅಂತ ಹೇಳೋಕೆ ನಾಲಗೆ ಏಳ್ತಿರಲಿಲ್ಲ. ಗೆಳೆಯನಾಗಿದ್ದರೆ ಬೈದು ನಿಲ್ಲಿಸ್ತಿದ್ದೆನೋ ಏನೋ. ಈ ವಿಷಯದಲ್ಲಿ ನಿಮ್ಮ ಅದೃಷ್ಟ ಚೆನ್ನಾಗಿದೆ.

ಆಮೇಲೆ ತೋಸೋರ್ ಪಾಸ್, 3,893 ಮೀಟರ್. ನಾವು ದಕ್ಷಿಣದಿಂದ ಹತ್ತಿ ಉತ್ತರಕ್ಕೆ, ಇಸಿಕ್-ಕುಲ್ ಕಡೆಗೆ ಇಳಿಯಬೇಕಿತ್ತು. ಕೆಳಗೆ ಹುಲ್ಲುಗಾವಲು, ಕುದುರೆಗಳು, ಅಲ್ಲೊಂದು ಇಲ್ಲೊಂದು ಯರ್ಟ್ ಗುಡಾರ. ಮೇಲೆ ಹೋದಂತೆ ಬರೀ ಕಲ್ಲು, ಅದೂ ಅಂಚು ಚೂಪಾಗಿರೋ ಕಲ್ಲು. ಹಳ್ಳಗಳನ್ನು ದಾಟಬೇಕು. ಹಿಮ ಕರಗಿದ ನೀರು ಬೆಳಿಗ್ಗೆ ಮೊಣಕಾಲಿನ ಕೆಳಗಿರುತ್ತೆ, ಮಧ್ಯಾಹ್ನ ಬಿಸಿಲೇರಿದ ಮೇಲೆ ತೊಡೆವರೆಗೆ. ಭಾವ ಹಳ್ಳದ ನೀರು ಕಡಿಮೆ ಇದ್ದಾಗಲೇ ದಾಟಿಬಿಟ್ಟರು. ನಾನು ತಲುಪಿದಾಗ ನೀರು ಏರಿತ್ತು, ಒಂದೊಂದು ಹಳ್ಳಕ್ಕೂ ಸಾಮಾನು ಒಂದು ಸಲ, ಸೈಕಲ್ ಒಂದು ಸಲ ಹೊತ್ತು ದಾಟಿಸಬೇಕಾಯ್ತು. ಅಂತರ ಬೆಳೆದದ್ದು ಹೀಗೆ. ಅದರಲ್ಲಿ ಏರಿನ ವೇಗದ ಪಾಲು ಬಹಳ ಕಡಿಮೆ.

ಸಂಜೆ ಹೊತ್ತಿಗೆ ಹಿಂದಿನ ಟೈರಿನ ಪಕ್ಕ ಸೀಳಿತು. ಹೆಬ್ಬೆರಳಿನ ಉಗುರಿನಷ್ಟು ಉದ್ದದ ಸೀಳು. ಟ್ಯೂಬ್‌ಲೆಸ್ ಟೈರು, ಒಳಗಿನ ಸೀಲೆಂಟ್, ಅಂದರೆ ತೂತು ಮುಚ್ಚುವ ದ್ರವ, ಬಿಳಿ ನೊರೆಯಾಗಿ ಕಲ್ಲಿನ ಮೇಲೆಲ್ಲ ಚಿಮ್ಮಿತು, ಆದರೆ ಸೀಳು ಮುಚ್ಚಲಿಲ್ಲ. ಪಕ್ಕದ ಗೋಡೆ ಹರಿದರೆ ಸೀಲೆಂಟ್ ಹಿಡಿಯಲ್ಲ. ಒಳಗೆ ಒಂದು ದಪ್ಪ ತುಂಡು ಇಟ್ಟು ಟ್ಯೂಬ್ ಹಾಕಬೇಕು. ಇಟ್ಟೆ, ಹಾಕಿದೆ. ಗಾಳಿ? ಪಂಪು ಭಾವನ ಬ್ಯಾಗಲ್ಲಿ.

ಅದೇ ವೇಳೆಗೆ ಆಲಿಕಲ್ಲು ಶುರುವಾಯ್ತು. ಆಗಸ್ಟ್‌ನಲ್ಲಿ, ಹೌದು. ಭಾವ ಪಾಸಿನ ತಲೆಯಲ್ಲಿ ಕಾಯ್ತಿದ್ದರಂತೆ. ಆ ಎತ್ತರದಲ್ಲಿ ಒದ್ದೆ ಬಟ್ಟೆಯಲ್ಲಿ ಗಾಳಿಗೆ ನಿಂತವರು ನಡುಕ ತಡೆಯಲಾರದೆ ಇಳಿದರು, ಕೆಳಗೆ ಕಾದರಾಯ್ತು ಅಂತ. ಅವರನ್ನು ನಾನು ದೂರಲ್ಲ, ನಾನಾಗಿದ್ದರೂ ಇಳೀತಿದ್ದೆ. ಫೋನಿಗೆ ಸಿಗ್ನಲ್ ಇಲ್ಲ. ನಾವು ಎಲ್ಲಿದ್ದೇವೆ ಅಂತ ನಕ್ಷೆಯಲ್ಲಿ ತೋರಿಸುವ ಇಬ್ಬರ ಟ್ರ್ಯಾಕರ್ ಚುಕ್ಕಿಗಳನ್ನೂ ಬೆಂಗಳೂರಲ್ಲಿ ಕೂತ ಅಕ್ಕ ನೋಡ್ತಿದ್ದಾಳೆ, ಒಂದು ಪಾಸಿನ ಈಚೆ, ಒಂದು ಆಚೆ. ಇಬ್ಬರೂ ಎಲ್ಲಿದ್ದೇವೆ ಅಂತ ಗೊತ್ತಿದ್ದದ್ದು ಅವಳೊಬ್ಬಳಿಗೇ. ಕತ್ತಲಾಗುವ ಮುಂಚೆ ಒಂಟಿ ಸವಾರನೊಬ್ಬ ದಾಟಿ ಹೋದ, ಚೆನ್ನಾಗಿದ್ದೀಯಾ ಅಂತ ಸನ್ನೆ ಮಾಡಿದ, ಹೆಬ್ಬೆರಳು ಎತ್ತಿದೆ. ಪಂಪು ಕೇಳಿದ್ದರೆ ಕೊಡ್ತಿದ್ದನೇನೋ. ನಿಯಮ ನಿಯಮವೇ ಅಂತ ಕೇಳಲಿಲ್ಲ. ಈಗ ಯೋಚಿಸಿದರೆ ಅದು ನಿಯಮಕ್ಕಿಂತ ಜಂಬ.

ರಾತ್ರಿ ಒಂದು ಬಂಡೆಯ ಮರೆಗೆ ಸ್ಲೀಪಿಂಗ್ ಬ್ಯಾಗ್ ಒಳಗೆ ಕೂತೆ, ಮೇಲೆ ಮಳೆ ಜಾಕೆಟ್. ಪಕ್ಕದಲ್ಲಿ ಟೆಂಟಿನ ಅಲ್ಯೂಮಿನಿಯಂ ಕಂಬಗಳ ಕಟ್ಟು. ಬಟ್ಟೆ ಇಲ್ಲದ ಕಂಬ ಏನಕ್ಕೂ ಬರಲ್ಲ. ಆಚೆ ಭಾವ ಕಂಬವಿಲ್ಲದ ಬಟ್ಟೆ ಸುತ್ತಿಕೊಂಡು ಮಲಗಿದ್ದರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಉತ್ತರ ಬರೀತಿರಲಿಲ್ಲ. ಚಳಿಯ ಒಂದು ರಾತ್ರಿ, ಕೆಲವು ಗಂಟೆ ನಷ್ಟ, ಅಷ್ಟೆ. ಎಲ್ಲರೂ ಕೇಳೋದು ಟೆಂಟಿನ ಕತೆ, ನಗೋದೂ ಅದಕ್ಕೇ. ನಮ್ಮ ರೇಸ್ ಅರ್ಧಕ್ಕೇ ನಿಲ್ಲಿಸಿದ್ದು ಟೆಂಟಲ್ಲ, ನೀರಿನ ಫಿಲ್ಟರ್. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ.

ನಾವು ಒಯ್ದದ್ದು ಸಣ್ಣ ಕೊಳವೆಗಳಂಥ ಎಳೆಗಳಿರುವ ಫಿಲ್ಟರ್, ಹೆಚ್ಚಿನವರು ಒಯ್ಯೋದು ಅದನ್ನೇ. ಅದರೊಳಗಿನ ನೀರು ಹೆಪ್ಪುಗಟ್ಟಿದರೆ ಎಳೆಗಳು ಒಡೀತವೆ, ಹೊರಗಿಂದ ಗೊತ್ತಾಗಲ್ಲ, ಆಮೇಲೆ ಅದು ಏನನ್ನೂ ತಡೆಯಲ್ಲ. ಹಾಗಾಗಿ ರಾತ್ರಿ ಅದನ್ನು ಮೈಗೆ ಒತ್ತಿ ಇಟ್ಟುಕೊಳ್ಳಬೇಕು. ನಾನು ಆ ರಾತ್ರಿ ಬೆರಳು ಮರಗಟ್ಟಿದರೂ ಫಿಲ್ಟರನ್ನು ಒಳಂಗಿಯೊಳಗೆ ಎದೆಗೆ ಇಟ್ಟುಕೊಂಡು ಕಾಪಾಡಿದೆ. ಬಹಳ ಜವಾಬ್ದಾರಿ ಮೆರೆದೆ ಅನ್ನೋ ಹೆಮ್ಮೆ ಬೇರೆ. ಆ ಹೊತ್ತಿಗೆ ಭಾವನ ಬಾಟಲಿ ಖಾಲಿಯಾಗಿತ್ತು. ಕೆಳಗೆ ಇಳಿದು ಹಳ್ಳದ ನೀರು ಹಿಡಿದು ಹಾಗೇ ಕುಡಿದರು. ಒಲೆ ಅವರ ಬಳಿ ಇತ್ತು, ಕುದಿಸಬಹುದಿತ್ತಲ್ಲ ಅಂತೀರಾ? ಗ್ಯಾಸ್ ನನ್ನ ಬಳಿ. ಕ್ಲೋರಿನ್ ಮಾತ್ರೆ? ಔಷಧಿ ಡಬ್ಬಿಯಲ್ಲಿ, ಅದೂ ನನ್ನ ಬಳಿ. "ಹಿಮದ ನೀರು ಕಣೋ, ಗಾಜಿನ ಥರ ತಿಳಿಯಾಗಿತ್ತು" ಅಂದರು ಆಮೇಲೆ. ಆ ಹಳ್ಳದ ಮೇಲ್ಗಡೆ ಬೇಸಿಗೆಯಿಡೀ ಕುರಿ, ಕುದುರೆ ಮೇಯುತ್ತವೆ. ಈ ರೇಸ್‌ನಲ್ಲಿ ಹೊಟ್ಟೆ ಕೆಟ್ಟು ನಿಲ್ಲಿಸುವವರು ಬಹಳ ಮಂದಿ.

ಬೆಳಿಗ್ಗೆ ನಾನು ಚಪ್ಪಟೆ ಟೈರಿನ ಸೈಕಲ್ ತಳ್ಳಿಕೊಂಡು ಪಾಸ್ ದಾಟಿ ಇಳಿದೆ. ಸಿಕ್ಕ ಕೂಡಲೇ ಗಾಳಿ ತುಂಬಿದೆವು, ನಕ್ಕೆವು ಕೂಡ. ಸರೋವರದ ದಡ ಮುಟ್ಟುವಷ್ಟರಲ್ಲಿ ಭಾವನ ಹೊಟ್ಟೆ ಹಿಡಿಯಿತು. ದಡದ ಊರೊಂದರ ಗೆಸ್ಟ್‌ಹೌಸ್‌ನಲ್ಲಿ ಮಲಗಿದವರು ಕಕ್ಕಸಿನ ಬಾಗಿಲಿಗೂ ಹಾಸಿಗೆಗೂ ಓಡಾಡಿದ್ದೇ ಬಂತು. ಮನೆಯ ಯಜಮಾನಿ ಅಜ್ಜಿ ಕೆನೆ, ಜಾಮ್, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡುಗಳಾದ ಬೋರ್ಸೋಕ್ ತಂದಿಟ್ಟರೆ ಅವರು ಮುಖ ತಿರುಗಿಸಿದರು. ಬೇಸರ ಅಂದರೆ, ನನಗೆ ಆಗ ಕಾಲಿಗೆ ಬಲ ಬಂದಿತ್ತು. ಎತ್ತರ ಒಗ್ಗಿತ್ತು, ಇನ್ನೂ ವಾರ ತುಳಿಯಬಲ್ಲೆ ಅನ್ನಿಸ್ತಿತ್ತು. ಮುಂದಿನ ಚೆಕ್‌ಪಾಯಿಂಟಿನ ಗಡುವು ನಾವು ಆ ಕೋಣೆಯಲ್ಲಿ ಓಆರ್‌ಎಸ್ ಕಲಸುತ್ತಿದ್ದಾಗಲೇ ದಾಟಿಹೋಯ್ತು. ಜೋಡಿ ಅಂದಮೇಲೆ ಹಿಂದೆ ಬಿದ್ದವರ ಸಮಯವೇ ಇಬ್ಬರ ಸಮಯ.

ನಾವು ತೂಕ ನೋಡಿ ಹಂಚಿದೆವು. ಹಂಚಬೇಕಾದ್ದು ಒಬ್ಬನೇ ಸಿಕ್ಕಿಕೊಂಡರೆ ಏನು ಬೇಕು ಅಂತ ನೋಡಿ. ಬಲಶಾಲಿಗೆ ಭಾರ ಹೊರಿಸೋದು ಸರಿಯೇ, ಈಗಲೂ ಹಾಗೇ ಮಾಡ್ತೇವೆ, ಅದರಿಂದ ಇಬ್ಬರ ಅಂತರವೂ ತಗ್ಗುತ್ತೆ. ಆದರೆ ನೀರು, ಗಾಳಿ, ಬೆಚ್ಚಗಿರೋದು ಈ ಮೂರನ್ನು ಪಾಲು ಮಾಡಬೇಡಿ. ಪಂಪು ಎರಡು. ಫಿಲ್ಟರ್ ಎರಡು, ಅದಾಗದಿದ್ದರೆ ಒಬ್ಬರಿಗೆ ಫಿಲ್ಟರ್, ಇನ್ನೊಬ್ಬರಿಗೆ ಮಾತ್ರೆಯ ಪಟ್ಟಿ. ಟೆಂಟ್ ಒಯ್ಯೋದಾದರೆ ಇಡೀ ಟೆಂಟ್ ಒಬ್ಬರ ಸೈಕಲ್ ಮೇಲೆ, ಇನ್ನೊಬ್ಬರ ಬಳಿ ಬಿವಿ ಬ್ಯಾಗ್, ಅಂದರೆ ಸ್ಲೀಪಿಂಗ್ ಬ್ಯಾಗ್ ಮೇಲೆ ಹಾಕಿಕೊಳ್ಳುವ ನೀರು ತಡೆಯುವ ಚೀಲ. ದುಡ್ಡು ಕೂಡ ಇಬ್ಬರ ಜೇಬಲ್ಲೂ ಇರಲಿ, ನೋಟಿನಲ್ಲಿ. ನಾರಿನ್, ಕರಕೋಲ್‌ನಂಥ ಪಟ್ಟಣ ಬಿಟ್ಟರೆ ಎಟಿಎಂ ನಂಬಬೇಡಿ, ಅಂಗಡಿಗೆ ಅಲ್ಲಿ "ಮಗಜಿನ್" ಅಂತಾರೆ, ಅದೂ ಇಡೀ ದಿನ ತುಳಿದರೆ ಒಂದು ಸಿಕ್ಕೀತು. ಒಲೆ, ಪಾತ್ರೆ, ಚೈನಿನ ಎಣ್ಣೆ ಬೇಕಾದರೆ ಹಂಚಿಕೊಳ್ಳಿ. ಇವಿಲ್ಲದೆ ಒಂದು ರಾತ್ರಿ ಕಳೆಯಬಹುದು.

ಇನ್ನು ಇಬ್ಬರಿದ್ದರೆ ಸುರಕ್ಷಿತ ಅನ್ನೋ ಮಾತು. ಕೂಗಿದರೆ ಕೇಳುವಷ್ಟು ಹತ್ತಿರ ಇದ್ದರೆ ಮಾತ್ರ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರೋಗೇನಿಂಗ್‌ನಲ್ಲಿ, ಅಂದರೆ ನಕ್ಷೆ ಹಿಡಿದು ಚೆಕ್‌ಪಾಯಿಂಟ್ ಹುಡುಕುವ ತಂಡದ ಆಟದಲ್ಲಿ, ತಂಡದವರು ಕೂಗಳತೆಯಲ್ಲೇ ಇರಬೇಕು ಅಂತ ನಿಯಮವಿದೆ. ದಕ್ಷಿಣ ಆಫ್ರಿಕಾದ ಕೇಪ್ ಎಪಿಕ್‌ನಲ್ಲಿ ಜೋಡಿಯ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಬಿದ್ದರೆ ಒಂದು ಗಂಟೆ ದಂಡ. ಮೊದಲು ಇದನ್ನು ಓದಿದಾಗ ಹುಚ್ಚು ಅನ್ನಿಸಿತ್ತು. ಈಗ ನಾವೇ ಒಂದು ಮಾಡಿಕೊಂಡಿದ್ದೇವೆ: ಮುಂದಿನವರು ಹಳ್ಳದ ಈಚೆ ದಡದಲ್ಲೇ ನಿಲ್ಲಬೇಕು, ಪಾಸಿನ ಈಚೆಯೇ, ಗಾಳಿ ತಟ್ಟದ ಕಡೇ ತಿರುವಿನಲ್ಲಿ ಕಾಯಬೇಕು. ತಲೆಯ ಮೇಲೆ ಹೋಗಿ ಕಾಯ್ತೀನಿ ಅಂದವರು ಕಾಯಲಾರರು, ಚಳಿ ಕಾಯಿಸಗೊಡಲ್ಲ.

ನಿಮ್ಮ ಗೆಳೆಯ ಇದಕ್ಕೆ "ಅಷ್ಟೊಂದು ಸಲ ನಿಂತರೆ ಟೈಮ್ ಹೋಗುತ್ತಲ್ಲ" ಅಂದರೆ ಅವನು ಒಂಟಿಯಾಗಿ ಹೆಸರು ಕೊಡಲಿ, ನೀವೂ ಒಂಟಿಯಾಗಿ ಕೊಡಿ. ಸಿಟ್ಟಿಲ್ಲದೆ ಹೇಳ್ತಿದೀನಿ. ಒಪ್ಪಿದರೆ ಹೋಗಿ, ನಿಮ್ಮಿಬ್ಬರ ವೇಗ ಎಷ್ಟೇ ಬೇರೆ ಇರಲಿ. ಹೊರಡುವ ಮುಂಚೆ ಒಂದು ರಾತ್ರಿ ಕುದುರೆಮುಖ ಕಡೆಯೋ ಸಕಲೇಶಪುರದ ಕಡೆಯೋ ಮಳೆಯಲ್ಲಿ ತುಳಿದು, ಹೋಂಸ್ಟೇ ಹಿಡಿದು, ಬೇರೆ ಬೇರೆ ಕೋಣೆಯಲ್ಲಿ ಉಳಿಯಿರಿ. ಬೆಳಗಾಗುವ ತನಕ ಒಬ್ಬರ ಬ್ಯಾಗಿಗೆ ಇನ್ನೊಬ್ಬರು ಕೈ ಹಾಕುವ ಹಾಗಿಲ್ಲ, ಫೋನೂ ಮಾಡುವ ಹಾಗಿಲ್ಲ. ಯಾರಿಗೆ ಏನು ಕಡಿಮೆ ಬಿತ್ತು ಅಂತ ಬರೆದುಕೊಳ್ಳಿ, ಅದನ್ನು ಎರಡೆರಡು ಕೊಳ್ಳಿ.

ವೀಸಾ ಇ-ವೀಸಾ ಸಾಕು, ಆದರೆ ದಾರಿ ಚೀನಾ ಗಡಿಯ ಹತ್ತಿರ ಹೋಗುವ ವರ್ಷ ಗಡಿ ಪರವಾನಗಿ ಬೇರೆ ಬೇಕಾಗುತ್ತೆ. ಅದರ ಕಾಗದ ಮಾತ್ರ ದಯವಿಟ್ಟು ಒಬ್ಬರ ಬ್ಯಾಗಲ್ಲೇ ಇಬ್ಬರದೂ ಇಡಬೇಡಿ.